ತಮ್ಮನಿಗೆ ಸಿಕ್ಕಿದ್ದ ಕೆಲಸ

ಹೋದ ತಿಂಗಳು ಕಣ್ಣು ತೋರಿಸಲು ಕುಣಿಗಲ್‌ನಿಂದ ತುಮಕೂರಿಗೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಎರಡು ಗಂಟೆ ಬಿಟ್ಟು ಬನ್ನಿ ಎಂದು ಕಳಿಸಿದರು. ಎದುರಿಗಿದ್ದುದೆಲ್ಲ ಮಂಜು ಮಂಜು. ಜೊತೆಗೆ ಬಂದಿದ್ದ ಮಗಳು ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ಕೂರಿಸಿ ಔಷಧಿ ತರಲು ಹೋದಳು. ಯಾರೋ ಬಂದು ನನ್ನ ಮುಂದಿನ ಟೇಬಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆ ಬಟ್ಟೆಯ ವಾಸನೆ... ಹಳಸಿದ ಸಾಂಬಾರು, ಸೋಪಿನ ಪುಡಿ, ಒಣಗಲು ಬಿಡುವೇ ಸಿಗದ ಬಟ್ಟೆಯ ಮುಗ್ಗಲು, ಎಲ್ಲ ಸೇರಿದ ವಾಸನೆ. ಕಣ್ಣು ಕಾಣದೆ ಇದ್ದುದರಿಂದಲೋ ಏನೋ, ಅದು ಸೀದಾ ಮೂಗಿಗೆ ಬಂದು ಬಡಿಯಿತು. ಒಂದು ಕಾಲದಲ್ಲಿ ನನ್ನ ತಮ್ಮನ ಕೈಯಿಂದ ಇದೇ ವಾಸನೆ ಬರುತ್ತಿತ್ತು. ಅವನ ಪುಸ್ತಕಗಳಿಂದಲೂ.

ತಮ್ಮ ಈಗ ತುಮಕೂರಿನ ಹತ್ತಿರ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಹೆಂಡತಿ, ಮಗಳು, ಬಾಡಿಗೆ ಮನೆ ಎಲ್ಲ ಇದೆ. ಆದರೆ ಅಲ್ಲಿ ಕೂತಾಗ ನನಗೆ ನೆನಪಾದವನು ಬೇರೆ. ಇಪ್ಪತ್ತು ವರ್ಷದ ಹಿಂದೆ ತುಮಕೂರಿನ ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತಾ, ಓದಿನ ಜೊತೆಗೆ ಮಾಡಲು ಒಂದು ಕೆಲಸ ಹುಡುಕಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ ತಮ್ಮ. ಅವನ ಎಂ.ಎ. ಮುಗಿಯಲಿಲ್ಲ. ಮುಗಿಯದಂತೆ ಮಾಡಿದವಳು ನಾನು.

ನಮ್ಮೂರು ಚೇಳೂರಿನಿಂದ ಒಳಗೆ ಮೂರು ಮೈಲಿ. ಅಪ್ಪ ಬೇಗ ತೀರಿಕೊಂಡಿದ್ದರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೊಲಿಗೆ ಕಲಿತು ಊರಿನ ಹೆಂಗಸರ ರವಿಕೆ ಹೊಲಿಯುತ್ತಿದ್ದೆ. ಅವ್ವ ಕಂಡವರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಹೀಗೆ ಮಾಡಿಕೊಂಡು ತಮ್ಮನ ಬಿ.ಎ. ಗುಬ್ಬಿಯಲ್ಲಿ ಮುಗಿಯಿತು. ಆಗ ತುಮಕೂರಿನಲ್ಲಿ ಯೂನಿವರ್ಸಿಟಿ ಹೊಸದಾಗಿ ಆಗಿತ್ತು. ಎಂ.ಎ.ಗೆ ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ಊರಿಂದಲೇ ಓಡಾಡೋಣವೆಂದರೆ ಚೇಳೂರಿಗೆ ನಡೆಯಬೇಕು, ಅಲ್ಲಿಂದ ಗುಬ್ಬಿಗೊಂದು ಬಸ್ಸು, ಗುಬ್ಬಿಯಿಂದ ತುಮಕೂರಿಗೆ ಇನ್ನೊಂದು. ಚೇಳೂರಿನ ಮೊದಲ ಬಸ್ಸೇ ಒಂಬತ್ತಕ್ಕೆ, ಅದಕ್ಕೆ ಹೊರಟರೂ ಮೊದಲ ಕ್ಲಾಸು ಮುಗಿದಿರುತ್ತಿತ್ತು. ತುಮಕೂರಿನಲ್ಲೇ ಇರಬೇಕು, ಇರಬೇಕಾದರೆ ದುಡಿಯಬೇಕು. ಅಲ್ಲಿಯವರೆಗೆ ಒಬ್ಬ ಸ್ನೇಹಿತನ ರೂಮಿನಲ್ಲಿ ಚಾಪೆ ಹಾಸಿಕೊಂಡಿದ್ದ. ಆ ರೂಮಿನ ಓನರ್ ಬಂದಾಗಲೆಲ್ಲ ಇವನು ಈಗ ತಾನೇ ಬಂದ ನೆಂಟನ ಹಾಗೆ ಚಪ್ಪಲಿ ಹಾಕಿಕೊಂಡು ಕೂರಬೇಕಿತ್ತಂತೆ.

ಮೊದಲು ಹೋಗಿದ್ದು ಒಂದು ಜೆರಾಕ್ಸ್ ಅಂಗಡಿಗೆ. ಅಂಗಡಿಯವನು ಬೆರಳಿಗೆ ಎಂಜಲು ಹಚ್ಚಿ ಹಾಳೆ ಎಣಿಸುತ್ತಲೇ ಕೇಳಿದ.

“ಬೆಳಿಗ್ಗೆ ಒಂಬತ್ತಕ್ಕೆ ಬಂದ್ರೆ ರಾತ್ರಿ ಒಂಬತ್ತು. ಇರ್ತೀಯಾ?”

“ಮಧ್ಯ ಕ್ಲಾಸಿದೆ ಸಾರ್.”

“ಕ್ಲಾಸಿರೋನು ಕ್ಲಾಸಿಗೋಗಪ್ಪ. ನಿನ್ ನೋಟ್ಸು ಜೆರಾಕ್ಸ್ ಮಾಡಿಸ್ಕಳಕ್ಕೆ ಬಾ, ಬ್ಯಾಡ ಅನ್ನಲ್ಲ.”

ಶನಿವಾರ ಊರಿಗೆ ಬಂದವನು ಇದನ್ನೆಲ್ಲ ನನಗೆ ಮಾಡಿ ತೋರಿಸಿದ. ಎಂಜಲು ಹಚ್ಚುವುದು, ತಲೆ ಎತ್ತದೆ ಮಾತಾಡುವುದು, ಎಲ್ಲ. ಅವನಿಗೆ ಆ ವಿದ್ಯೆ ಚಿಕ್ಕಂದಿನಿಂದ ಇತ್ತು. ಒಬ್ಬರನ್ನು ಒಂದು ಸಲ ನೋಡಿದರೆ ಸಾಕು, ಅವರ ದನಿ, ನಡಿಗೆ, ಕೆಮ್ಮು ಸಮೇತ ಇಳಿಸಿಬಿಡುತ್ತಿದ್ದ. ನಾನು ಮಿಷಿನ್ ತುಳಿಯುವುದನ್ನು ನಿಲ್ಲಿಸಿ ನಕ್ಕೆ.

ಅಲ್ಲಿಂದ ಪ್ರತಿ ಶನಿವಾರವೂ ಒಂದು ಕತೆ. ಮೊಬೈಲ್ ಅಂಗಡಿಯಲ್ಲಿ, ತುಮಕೂರಿನವರೇ ಯಾರಾದರೂ ಬಂದು ಹುಡುಗ ಒಳ್ಳೆಯವನು ಎಂದು ಹೇಳಿದರೆ ಇಟ್ಟುಕೊಳ್ಳುತ್ತೇವೆ ಎಂದರು. ಇವನಿಗೆ ಅಲ್ಲಿ ಗೊತ್ತಿದ್ದವರೆಂದರೆ ಪಾಠ ಹೇಳುವ ಮೇಷ್ಟ್ರುಗಳು. ನಾನು ಕಳ್ಳನಲ್ಲ ಎಂದು ಅಂಗಡಿಗೆ ಬಂದು ಹೇಳಿ ಸಾರ್ ಎಂದು ಅವರನ್ನು ಹೇಗೆ ಕೇಳುವುದು? ಮನೆಪಾಠಕ್ಕೆಂದು ಒಂದು ದೊಡ್ಡ ಮನೆಗೆ ಹೋದ. ಆ ಮನೆಯಮ್ಮ ಕೂರಿಸಿ ಕಾಫಿ ಕೊಟ್ಟರು, ಮಗನ ಮಾರ್ಕ್ಸ್ ಕಾರ್ಡ್ ತೋರಿಸಿದರು, ಎಲ್ಲ ಆದಮೇಲೆ “ನೀವು ಯಾವ ಪೈಕಿ?” ಎಂದರು. ಇವನು ಜಾತಿ ಹೇಳಿದ. “ಆಯ್ತು, ಹೇಳಿ ಕಳಿಸ್ತೀವಿ” ಎಂದರು. ಹೇಳಿ ಕಳಿಸುವುದು ಎಲ್ಲಿಗೆ, ಇವನ ವಿಳಾಸವನ್ನೇ ಕೇಳಿರಲಿಲ್ಲ. ಆ ಅಮ್ಮನ ನಯವಾದ ದನಿಯನ್ನೂ ತೆಗೆದ. ಒಲೆ ಮುಂದಿದ್ದ ಅವ್ವ ಕೂಡ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಹಿರೇಹಳ್ಳಿಗೂ ಹೋಗಿದ್ದ. ಅಲ್ಲಿ ಒಂದು ಫ್ಯಾಕ್ಟರಿಯ ಗೇಟಿನಲ್ಲಿದ್ದ ಕಾವಲಿನವನೇ ಇವನಿಗೆ ಬುದ್ಧಿ ಹೇಳಿದ.

“ಏನ್ ಓದಿದೀಯಾ?”

“ಬಿ.ಎ. ಆಗಿದೆ. ಎಂ.ಎ. ಓದ್ತಿದೀನಿ.”

“ಒಳಗೋಗಿ ಹಂಗಂದ್ಬುಟ್ಟೀಯ. ಎಸ್ಸೆಸ್ಸೆಲ್ಸಿ ಫೇಲು ಅನ್ನು. ಓದಿರೋರು ಯೂನಿಯನ್ ಮಾಡ್ತಾರೆ ಅಂತ ತಗಳಲ್ಲ.”

ಇವನು ಒಳಗೆ ಹೋಗಿ ಫೇಲು ಎಂದೇ ಹೇಳಿದ. ಅವರು ಸಂತೋಷಪಟ್ಟು, ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ, ನಾಳೆಯಿಂದಲೇ ಬಾ ಎಂದರು. ಮೂರು ವಾರದಲ್ಲಿ ಎರಡು ವಾರ ಕ್ಲಾಸು ತಪ್ಪುವ ಲೆಕ್ಕ. ಬೇಡವೆಂದು ಬಂದ. “ಕೆಲಸಾನೂ ಸಿಗ್ನಿಲ್ಲ, ಬಿ.ಎ.ನೂ ಗೇಟಲ್ಲೇ ಬಿಟ್ ಬಂದೆ ಕಣಕ್ಕ” ಎಂದು ಹಣೆ ಚಚ್ಚಿಕೊಂಡ. ಆವತ್ತು ನಾನು ಎಷ್ಟು ನಕ್ಕೆನೆಂದರೆ ಕೈಯಲ್ಲಿದ್ದ ರವಿಕೆಯ ತೋಳು ತಿರುವುಮುರುವಾಗಿ ಹೊಲಿದುಹೋಯಿತು.

ಈಗ ನೆನೆದರೆ ಮೈ ಉರಿಯುತ್ತದೆ. ತುಮಕೂರಲ್ಲಿ ಕೆಲಸವಿರಲಿಲ್ಲ ಅಂತಲ್ಲ. ಬಟ್ಟೆ ಅಂಗಡಿಯಲ್ಲಿ ಇತ್ತು, ಪೆಟ್ರೋಲ್ ಬಂಕಿನಲ್ಲಿ ಇತ್ತು. ಎಲ್ಲರಿಗೂ ಇಡೀ ದಿನ ನಿಲ್ಲುವ ಆಳು ಬೇಕು. ಇಲ್ಲವೆಂದರೆ ಹಬ್ಬದ ಹದಿನೈದು ದಿನ ಬಾ, ಆಮೇಲೆ ಬೇಡ. ಅರ್ಧ ದಿನ ಓದಿ ಅರ್ಧ ದಿನ ದುಡಿಯುತ್ತೇನೆ ಎನ್ನುವವನನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಬಡವರ ಮಕ್ಕಳು ಓದಬೇಕು ಎಂದು ಹೇಳದವರೇ ಇರಲಿಲ್ಲ. ಹೇಗೆ ಓದುತ್ತೀಯ ಎಂದು ಕೇಳಿದವರನ್ನು ನಾನು ಕಾಣೆ... ಬೇರೆಯವರನ್ನು ಏಕೆ ಅನ್ನಲಿ. ನಾನೂ ಕೇಳಲಿಲ್ಲ.

ಹೀಗೆ ನಾಲ್ಕು ತಿಂಗಳು ಹೋಯಿತು. ಒಂದು ಶನಿವಾರ ಚೇಳೂರಿನಿಂದ ಓಡಿಕೊಂಡೇ ಬಂದವನ ಹಾಗೆ ಬಂದ.

“ಸಿಕ್ತು ಕಣಕ್ಕ ಕೆಲಸ.”

“ಎಲ್ಲೋ?”

“ಬಸ್‌ಸ್ಟ್ಯಾಂಡ್ ಹತ್ರ ಹೋಟ್ಲು.”

“ಕ್ಯಾಷಲ್ಲಿ ಕೂರೋದಾ?”

“ಕ್ಯಾಷಲ್ಲಿ ಅವರಳಿಯ ಕೂತವ್ನೆ. ನಾನು ಸಪ್ಲೈಯರು.”

ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಐದರಿಂದ ಒಂಬತ್ತು. ನಡುವೆ ಕ್ಲಾಸಿಗೆ ಹೋಗಬಹುದು. ತಿಂಡಿ ಊಟ ಅಲ್ಲೇ, ಮಲಗಲು ಮಹಡಿಯ ಮೇಲೆ ಉಳಿದ ಕೆಲಸದವರ ಜೊತೆ ಜಾಗ. ಹೋಟೆಲಿನವರು ಹೀಗೆ ಹೊತ್ತು ಮುರಿದು ಯಾರನ್ನೂ ಇಟ್ಟುಕೊಳ್ಳುವುದಿಲ್ಲವಂತೆ. ಇವನು ಮೂರು ದಿನ ಯಜಮಾನರ ಹಿಂದೆ ಬಿದ್ದು ಒಪ್ಪಿಸಿದ್ದ. “ಓದಿರೋರ ಕೈಲಿ ಲೋಟ ಜಾರ್ತವೆ. ಒಂದ್ ವಾರ ನೋಡ್ತೀನಿ” ಎಂದಿದ್ದರಂತೆ ಅವರು. ವಾರ ಕಳೆದಿತ್ತು. ಒಂದು ಲೋಟವೂ ಜಾರಿರಲಿಲ್ಲ.

ನಾನು ಸಂತೋಷಪಡಬೇಕಿತ್ತು. ನನ್ನ ಬಾಯಿಂದ ಬಂದದ್ದು, “ಅವ್ವಂಗೆ ಸಪ್ಲೈಯರ್ ಅಂತ ಹೇಳ್ಬ್ಯಾಡ” ಎಂಬ ಮಾತು. ಅವ್ವನಿಗೆ ನಾನೇ ಹೇಳಿದೆ, ತಮ್ಮ ದೊಡ್ಡ ಹೋಟೆಲಿನಲ್ಲಿ ಕ್ಯಾಷಿನಲ್ಲಿ ಕೂರುತ್ತಾನೆ ಎಂದು. ಅವ್ವ ಅದನ್ನು ಬೀದಿಗೆಲ್ಲ ಹೇಳಿದಳು. ನಾನು ಏಳನೇ ಕ್ಲಾಸಿಗೆ ಬಿಟ್ಟದ್ದು ಅವನು ಎಂಜಲು ಲೋಟ ಎತ್ತಲಿ ಎಂದಲ್ಲ ಎಂಬ ಸಿಟ್ಟು ನನಗೆ ಒಳಗೇ ಇತ್ತು. ಆ ಸಿಟ್ಟನ್ನು ಅವನ ಮೇಲೆ ಇಟ್ಟುಕೊಂಡಿದ್ದೆ.

ಅವನು ಮಾತ್ರ ಆ ತಿಂಗಳುಗಳಲ್ಲಿ ಚೆನ್ನಾಗಿದ್ದ. ಮೈ ಕೈ ತುಂಬಿಕೊಂಡ. ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಓದುತ್ತೇನೆ ಎನ್ನುತ್ತಿದ್ದ. ಮೊದಲ ಪರೀಕ್ಷೆಯಲ್ಲಿ ಕ್ಲಾಸಿಗೇ ಎರಡನೆಯವನಾಗಿ ಬಂದ. ಊರಿಗೆ ಬಂದಾಗ ಪುಸ್ತಕ ತೆರೆದರೆ ಹಾಳೆಗಳ ನಡುವೆ ಆ ಒರೆಸುವ ಬಟ್ಟೆಯ ವಾಸನೆ. ಕೈ ತೊಳೆದು ಪುಸ್ತಕ ಮುಟ್ಟೋ ಎಂದು ಬೈಯುತ್ತಿದ್ದೆ. “ತೊಳ್ದು ತೊಳ್ದೇ ಹಿಂಗಾಗಿರೋದು” ಎನ್ನುತ್ತಿದ್ದ.

ಆ ಹೊತ್ತಿಗೆ ನನಗೆ ಗಂಡು ಗೊತ್ತು ಮಾಡುವ ಮಾತು ಬಂತು. ನಮ್ಮ ಸೋದರಮಾವ ತಂದ ಸಂಬಂಧ, ಕುಣಿಗಲ್ ಕಡೆಯದು. ಹುಡುಗನಿಗೆ ಲಾರಿ ಓಡಿಸುವ ಕೆಲಸ, ಅವನ ದೊಡ್ಡಪ್ಪನೇ ಆ ಮನೆಗೆ ಹಿರಿಯರು. ಮಾವ ಅವರಿಗೆ, ಹುಡುಗಿಯ ತಮ್ಮ ಎಂ.ಎ. ಓದುತ್ತಿದ್ದಾನೆ, ಜೊತೆಗೆ ಕ್ಯಾಷ್ ನೋಡಿಕೊಳ್ಳುವ ಕೆಲಸವೂ ಇದೆ ಎಂದು ಹೇಳಿದ್ದರು. ಮಾವನಿಗೂ ನಾನು ಹೇಳಿದ್ದು ಅಷ್ಟೇ. ಅವರು ಭಾನುವಾರ ಹೆಣ್ಣು ನೋಡಲು ಬರುವುದೆಂದಾಯಿತು.

ಕುಣಿಗಲ್‌ನಿಂದ ನಮ್ಮೂರಿಗೆ ಬರಬೇಕಾದರೆ ತುಮಕೂರಿನಲ್ಲಿ ಬಸ್ಸು ಬದಲಿಸಬೇಕು. ಬೆಳಿಗ್ಗೆ ಬೇಗ ಹೊರಟವರು ತುಮಕೂರಿನಲ್ಲಿ ತಿಂಡಿ ತಿನ್ನುತ್ತಾರೆ, ಬಸ್‌ಸ್ಟ್ಯಾಂಡಿನ ಹತ್ತಿರವೇ ತಿನ್ನುತ್ತಾರೆ. ಇದು ಯಾರಿಗಾದರೂ ಹೊಳೆಯುವ ಮಾತು. ನನಗೆ ಹೊಳೆಯಲಿಲ್ಲ.

ತಮ್ಮ ಬೆಳಗಿನ ಕೆಲಸ ಮುಗಿಸಿ, ಸಂಜೆಗೆ ರಜ ಕೇಳಿ, ಮುಂದಿನ ಬಸ್ಸು ಹಿಡಿದು ಬಂದ. ಹೋಟೆಲಿನಿಂದ ಒಂದು ಡಬ್ಬ ಮೈಸೂರು ಪಾಕು ಕಟ್ಟಿಸಿಕೊಂಡು ಬಂದಿದ್ದ. ಅವನು ಬಾಗಿಲು ದಾಟುವ ಹೊತ್ತಿಗೆ ಬಂದವರೆಲ್ಲ ಚಾಪೆಯ ಮೇಲೆ ಕೂತಿದ್ದರು, ನಾನು ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಹುಡುಗನ ದೊಡ್ಡಪ್ಪ ತಮ್ಮನನ್ನು ನೋಡಿ ದೊಡ್ಡದಾಗಿ ನಕ್ಕರು.

“ಏಯ್, ನೀನಾ? ಇಲ್ಲಿಗೂ ಚಟ್ನಿ ತಂದ್ಯೇನಪ್ಪಾ?”

ಎಲ್ಲರೂ ತಿರುಗಿದರು. ಅವರು ಜೊತೆಗೆ ಬಂದವರಿಗೆ ಹೇಳಿದರು, “ಬೆಳಿಗ್ಗೆ ದೋಸೆ ತಿಂದ್ವಲ್ಲ, ಅಲ್ಲಿ ಸಪ್ಲೈಯರ್ರು ಕಣ್ರಯ್ಯ. ನಾಕು ಸಲ ಚಟ್ನಿ ಕೇಳ್ದೆ. ನಾಕು ಸಲಾನೂ ನಗ್ತಾನೇ ತಂದ.” ಆಮೇಲೆ ನನ್ನ ಕಡೆ ನೋಡಿ, “ಇವ್ನು ನಿಮಗೇನಾಗ್ಬೇಕವ್ವ?” ಎಂದರು.

ಅದರಲ್ಲಿ ಕೊಂಕಿರಲಿಲ್ಲ. ಈಗ ಅದು ಗೊತ್ತು. ಆವತ್ತು ನನ್ನ ಕಿವಿ ಕಾದು ಹೋಗಿತ್ತು.

“ಏನೂ ಆಗ್ಬೇಕಿಲ್ಲ. ಇಲ್ಲೇ ಊರವ್ರು. ಸ್ವೀಟ್ ತಂದ್ಕೊಡೋಕೆ ಹೇಳಿದ್ವಿ.”

ಮಾವ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಒಳಗೆ ಅವ್ವನ ಸೌಟಿನ ಸದ್ದು ನಿಂತಿತು. ತಮ್ಮ ನನ್ನ ಮುಖ ನೋಡಿದ. ಡಬ್ಬವನ್ನು ಕಿಟಕಿಯ ಮೇಲಿಟ್ಟು, “ಹೂಂ ಸ್ವಾಮಿ, ಇದನ್ನ ತರೋಕೆ ಹೇಳಿದ್ರು” ಎಂದ. ನನ್ನ ಕೈಯಲ್ಲಿದ್ದ ಕಾಫಿ ತಟ್ಟೆಯನ್ನು ತಾನೇ ತೆಗೆದುಕೊಂಡು ಬಂದವರ ಮುಂದೆ ಒಬ್ಬೊಬ್ಬರಿಗೂ ಬಗ್ಗಿ ಕೊಟ್ಟ. “ಸಕ್ರೆ ಸಾಕಾ ನೋಡಿ ಸ್ವಾಮಿ” ಎಂದೂ ಕೇಳಿದ.

“ಅಂದಂಗೆ ಎಂ.ಎ. ಓದೋ ಹುಡುಗ ಎಲ್ಲಿ, ಕಾಣ್ನಿಲ್ಲ?” ಎಂದರು ದೊಡ್ಡಪ್ಪ.

“ಪರೀಕ್ಷೆ...” ಎಂದರು ಮಾವ. “ತುಮಕೂರಲ್ಲೇ ಉಳ್ಕಂಡವ್ನೆ.”

ತಮ್ಮ ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ.

ಅವರು ಹೋದಮೇಲೆ ಹಿತ್ತಲಿಗೆ ಹೋದೆ. ಕಲ್ಲಿನ ಮೇಲೆ ಕೂತು ಲೋಟ ತೊಳೆಯುತ್ತಿದ್ದ. “ಪರ್ವಾಗಿಲ್ಲ ಬುಡಕ್ಕ. ಒಳ್ಳೆ ಜನ ಅವ್ರು” ಎಂದು, ಆ ದೊಡ್ಡಪ್ಪನ ದನಿಯಲ್ಲಿ ಚಟ್ನಿ ಕೇಳಿದ. ನನ್ನನ್ನು ನಗಿಸಲಿಕ್ಕೆ. ಅಲ್ಲೇ ಕ್ಷಮಿಸು ಅನ್ನಬಹುದಿತ್ತು. ಅದರ ಬದಲು ನನಗೆ ಹೊಸ ಭಯ ಶುರುವಾಗಿತ್ತು. ಸಂಬಂಧ ಒಪ್ಪಿಗೆಯಾದರೆ ಅವರು ಮಾತುಕತೆಗೆ, ಬಟ್ಟೆಗೆ ಎಂದು ತುಮಕೂರಿಗೆ ಮತ್ತೆ ಮತ್ತೆ ಬರುತ್ತಾರೆ, ಅದೇ ಹೋಟೆಲಿಗೆ ಹೋಗುತ್ತಾರೆ.

“ನಗ್ಬ್ಯಾಡ. ನಾಳೆ ಹೋಗಿ ಆ ಕೆಲಸ ಬುಟ್ಬುಡು” ಎಂದೆ.

“ಅಕ್ಕ, ಬಿಟ್ರೆ ಮತ್ತೆ ಸಿಗಲ್ಲ ಕಣಕ್ಕ.”

“ಎಂ.ಎ. ಓದೋನಿಗೆ ಇನ್ನೊಂದು ಕೆಲಸ ಸಿಗಲ್ವೇನ್ಲಾ? ಅಷ್ಟು ದೊಡ್ಡ ತುಮಕೂರಲ್ಲಿ?”

ಅವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ನಾನು ಇನ್ನೂ ಏನೇನೋ ಹೇಳಿದೆ. ನನ್ನ ಮದುವೆ ಕೆಟ್ಟರೆ ನೀನೇ ಕಾರಣ ಎಂದೆ. ನಿನಗೋಸ್ಕರ ನಾನು ಸ್ಕೂಲು ಬಿಟ್ಟೆ ಎಂದೆ. ಆ ಮಾತನ್ನು ಅದುವರೆಗೆ ಒಂದು ಸಲವೂ ಬಾಯಿಗೆ ತಂದಿರಲಿಲ್ಲ.

“ಸರಿ ಬುಡು” ಎಂದ.

ಮಾರನೆಯ ದಿನವೇ ಹೋಗಿ ಬಿಟ್ಟ. ಮೂರು ವಾರಕ್ಕೆ ಸಂಬಂಧ ಒಪ್ಪಿಗೆಯಾಗಿ, ಮಾತುಕತೆಗೆ ಬಂದ ದಿನ ಮಾವ ತಡೆಯಲಾರದೆ ನಿಜ ಹೇಳಿಬಿಟ್ಟರು. ದೊಡ್ಡಪ್ಪ ತಮ್ಮನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. “ಇದನ್ನ ಮುಚ್ಚಿಡೋದೇನಿತ್ತವ್ವ? ನಮ್ಮ ಹುಡುಗ್ನೂ ಲಾರಿ ಕ್ಲೀನರ್ ಆಗಿದ್ದೋನೇ. ನಾನು ಇವನ ವಯಸ್ಸಲ್ಲಿ ಹೋಟ್ಲಲ್ಲಿ ಹಿಟ್ಟು ರುಬ್ಬಿದೀನಿ” ಎಂದರು. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನನ್ನ ಮದುವೆಗೆ ಏನೂ ಆಗಲಿಲ್ಲ. ಅಷ್ಟು ಸುಲಭದಲ್ಲಿ ಮುಗಿಯುವ ಮಾತಿಗೆ ಅವನ ಕೆಲಸ ಹೋಗಿತ್ತು.

ಆ ವಾರವೇ ಹೋಟೆಲಿಗೆ ವಾಪಸು ಹೋಗಿ ಕೇಳಿದ. ಅವನ ಜಾಗಕ್ಕೆ ಇಡೀ ದಿನ ಇರುವವನು ಬಂದಿದ್ದ. “ನಿಂಗೋಸ್ಕರ ಒಂದ್ಸಲ ಟೈಮ್ ಮುರ್ದೆ. ನೀನು ಇದ್ದಕ್ಕಿದ್ದಂಗೆ ಬಿಟ್ಟೋದೆ. ಇನ್ನಾಗಲ್ಲಪ್ಪ” ಎಂದರಂತೆ ಯಜಮಾನರು. ಅವರದು ತಪ್ಪು ಎನ್ನಲಾರೆ. ಸ್ನೇಹಿತನ ರೂಮಿನ ಚಾಪೆಗೂ ಬೇರೆ ಯಾರೋ ಬಂದಿದ್ದರು. ಮತ್ತೆ ಅದೇ ಅಂಗಡಿಗಳು, ಅದೇ ಮಾತುಗಳು. ಊರಿಂದಲೇ ಓಡಾಡತೊಡಗಿದ. ಎರಡು ಬಸ್ಸು ಹತ್ತಿ ಇಳಿದು ಹೋಗುವಷ್ಟರಲ್ಲಿ ಬೆಳಗಿನ ಕ್ಲಾಸು ಮುಗಿದಿರುತ್ತಿತ್ತು. ಸಂಜೆಯ ಬಸ್ಸಿಗಾಗಿ ಕೊನೆಯ ಕ್ಲಾಸು ಬಿಡಬೇಕಿತ್ತು. ಹಾಜರಿ ಸಾಲದೆ ಹೋಯಿತು. ನಾನು ಮದುವೆಯಾಗಿ ಕುಣಿಗಲ್‌ಗೆ ಬಂದ ವರ್ಷವೇ ಅವನು ಹಿರೇಹಳ್ಳಿಯಲ್ಲಿ ಮೊದಲು ಬೇಡವೆಂದು ಬಂದಿದ್ದಂಥದೇ ಒಂದು ಶಿಫ್ಟ್ ಕೆಲಸಕ್ಕೆ ಸೇರಿಕೊಂಡ. ಎಂ.ಎ. ಆಮೇಲೆ ಕಟ್ಟುತ್ತೇನೆ ಎನ್ನುತ್ತಿದ್ದ. ಒಂದೆರಡು ವರ್ಷ ಎಂದ. ಆಮೇಲೆ ಅನ್ನುವುದನ್ನೂ ಬಿಟ್ಟ.

ಇಷ್ಟು ವರ್ಷವೂ ನನ್ನನ್ನು ಕಾಡಿದ್ದು ಆ ಒಂದು ಮಾತು. ಏನೂ ಆಗ್ಬೇಕಿ‍ಲ್ಲ. ಒಡಹುಟ್ಟಿದವನನ್ನು ಎದುರಿಗೇ ನಿಲ್ಲಿಸಿಕೊಂಡು ಹಾಗೆಂದೆನಲ್ಲ ಎಂದು. ಕಣ್ಣು ತೋರಿಸಿಕೊಂಡು ಬಂದ ಮುಂದಿನ ಭಾನುವಾರ ತಮ್ಮ ನನ್ನನ್ನು ನೋಡಲು ಕುಣಿಗಲ್‌ಗೆ ಬಂದಿದ್ದ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಿಬಿಟ್ಟೆ.

“ಆವತ್ತು ನಿನ್ನ ಏನೂ ಆಗ್ಬೇಕಿಲ್ಲ ಅಂದ್ಬುಟ್ಟೆ ಕಣೋ. ಅದು ಹಂಗೇ ಎದೇಲಿ ಕೂತದೆ.”

“ಅದಾ?” ಎಂದ. “ಅದಕ್ಕೇನಕ್ಕ. ಹೆಣ್ಣು ನೋಡಕ್ಕೆ ಬಂದಾಗ ಸುಳ್ಳೇಳ್ದೆ ಇರೋ ಮನೆ ಯಾವ್ದಿದೆ? ನಾನೂ ಚೆನ್ನಾಗೇ ಆಕ್ಟ್ ಮಾಡ್ದೆ ಅವತ್ತು. ಅದನ್ನ ಅಲ್ಲೇ ಮರ್ತೆ.”

ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ. ಅವನು ಮತ್ತೆ ಮಾತಾಡಿದಾಗ ನನ್ನನ್ನು ನೋಡುತ್ತಿರಲಿಲ್ಲ.

“ಹಿತ್ಲಲ್ಲಿ ಒಂದು ಮಾತಂದೆ ನೋಡು. ಇನ್ನೊಂದು ಕೆಲಸ ಸಿಗಲ್ವಾ ಅಂತ. ನಾಕು ತಿಂಗ್ಳು ಪ್ರತಿ ಶನಿವಾರ ಬಂದು ನಿಂಗೇ ತಾನೆ ಹೇಳ್ತಿದ್ದೆ. ಇನ್ಯಾರಿಗೂ ಹೇಳ್ತಿರ್ಲಿಲ್ಲ. ಒಂದೂ ಕೇಳಿಸ್ಕಂಡಿರ್ಲಿಲ್ವಾ ಅನ್ನಿಸ್ತು.”

ಕೇಳಿಸಿಕೊಂಡಿದ್ದೆ. ಒಂದೊಂದು ಮಾತೂ ಇವತ್ತಿಗೂ ನೆನಪಿದೆ, ನೆನಪಿದ್ದುದರಿಂದಲೇ ಇಲ್ಲಿ ಬರೆದಿದ್ದೇನೆ. ಆದರೆ ಆಗ ಅವು ನನಗೆ ಶನಿವಾರದ ತಮಾಷೆಯಾಗಿದ್ದವು. ಅಷ್ಟು ಚೆನ್ನಾಗಿ ನಗಿಸುವವನಿಗೆ ಕಷ್ಟವಿರಬಹುದೆಂದು ನನಗೆ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ನಾನು ಒಂದು ತಪ್ಪಿಗೆ ಅಳುತ್ತಿದ್ದೆ, ಅವನಿಗೆ ನೋವಾಗಿದ್ದು ಬೇರೆಯದಕ್ಕೆ. ಇದನ್ನು ಈ ವಯಸ್ಸಿನಲ್ಲಿ ತಿಳಿದುಕೊಂಡು ಏನು ಮಾಡಲಿ?

ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಬೀದಿಯ ತಿರುವಿನವರೆಗೂ ಜೊತೆಗೆ ಹೋದೆ. ಏನಾದರೂ ಮಾತಾಡಲಿ ಎಂದು, ಫ್ಯಾಕ್ಟರಿ ಹೇಗಿದೆ ಎಂದು ಕೇಳಿದೆ. ನಡೀತಿದೆ ಎಂದ. ಹೊಸದಾಗಿ ಬಂದ ಸೂಪರ್‌ವೈಸರ್ ಹೇಗೆ, ಒಳ್ಳೆಯವನಾ ಎಂದೆ. “ಹೂಂ, ಇದಾನೆ” ಎಂದ. ಅವನು ಹೇಗೆ ಮಾತಾಡುತ್ತಾನೆಂದು ನಾನು ಕೇಳಲಿಲ್ಲ, ತಮ್ಮನೂ ಮಾಡಿ ತೋರಿಸಲಿಲ್ಲ. ತೋರಿಸದೆ ಎಷ್ಟೋ ವರ್ಷವಾಗಿದೆ. ನಾನು ಅದನ್ನು ಗಮನಿಸಿದ್ದು ಆವತ್ತೇ.